ನೀಲವ್ವ ಆರಿಸಿದ ಅಂಗಿ

ಅಂಗಡಿಯ ಮೆಟ್ಟಿಲು ಹತ್ತಿದವರೆಲ್ಲ ಮೊದಲು ರೇಟು ಕೇಳುತ್ತಾರೆ. ನೀಲವ್ವ ಕೇಳುತ್ತಿರಲಿಲ್ಲ. ಮಾದರಿಗೆಂದು ತೋರಿಸಿದ ಅಂಗಿಯನ್ನು ಕುಬಸದ ಮೇಲೆಯೇ ತೊಟ್ಟು, ಚೀಲದಿಂದ ನೀರಿನ ಬಾಟಲಿ ತೆಗೆದು ಎದೆಯ ಮೇಲೆ ಸುರಿದುಕೊಂಡು, ಬಾಗಿಲ ಬೆಳಕಿಗೆ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಖರೆ ಹೇಳು, ಏನರ ಕಾಣತೈತೇನು?” ಎನ್ನುತ್ತಿದ್ದಳು.

ಮಂದಿಗೆ ಹಿತವಾಗುವಂತೆ ಮಾತಾಡುವುದು ನನಗೆ ಬರುವುದಿಲ್ಲ. ಅದಕ್ಕೇ ನನ್ನನ್ನು ಜೊತೆಗೆ ಎಳೆದೊಯ್ಯುತ್ತಿದ್ದಳು.

ನಾವಿಬ್ಬರೂ ಹುನಗುಂದದ ಒಂದೇ ಓಣಿಯವರು. ನಮ್ಮ ಮಹಿಳಾ ಸಂಘದ ಎಂಟು ಮಂದಿ ಸೇರಿ ಹಗ್ಗ ಜಗ್ಗುವ ತಂಡ ಮಾಡಿದ್ದೆವು. ಅದರಲ್ಲಿ ಅರ್ಧ ಜನ ಮೊಮ್ಮಕ್ಕಳನ್ನು ಎತ್ತಾಡಿಸಿದವರು. ತಂಡ ಕಟ್ಟಿದವಳು ನೀಲವ್ವ. ನನ್ನ ಬೆನ್ನ ಹಿಂದೆ, ಎಲ್ಲರಿಗಿಂತ ಕೊನೆಗೆ ನಿಲ್ಲುವವಳೂ ಅವಳೇ. ಅವಳು ಕಾಲೂರಿದರೆ ಎತ್ತು ಹೂಡಿ ಎಳೆಯಬೇಕಿತ್ತು. ಮುಂದಿನವರು ಜಾರಿದರೆ “ಹೆದರಬ್ಯಾಡ್ರೇ, ನಾ ಅದೀನಿ” ಎನ್ನುತ್ತಿದ್ದಳು. ಅವಳು ಕೊಟ್ಟ ತರಬೇತಿ ಅಷ್ಟೇ.

ಅವಳ ಎಡ ಎದೆಯನ್ನು ಬಾಗಲಕೋಟೆಯ ದವಾಖಾನೆಯಲ್ಲಿ ತೆಗೆದಿದ್ದರು. ಕ್ಯಾನ್ಸರ್. ಅದನ್ನು ಅವಳು ಮುಚ್ಚಿಟ್ಟವಳಲ್ಲ. ಯಾರಾದರೂ ಕನಿಕರ ತೋರಿಸಿದರೆ “ಒಂದು ದೇವರಿಗೆ ಕೊಟ್ಟೀನಿ, ಇನ್ನೊಂದು ನನಗೈತಲ್ಲ” ಎನ್ನುತ್ತಿದ್ದಳು. ಅಂಗಡಿಯಲ್ಲಿ ನೀರು ಸುರಿದುಕೊಂಡು ನಿಂತದ್ದು ತನ್ನ ಮೈಯ ಚಿಂತೆಗಲ್ಲ. ಅದು ಶಾಂತವ್ವನ ಸಲುವಾಗಿ.

ಹೋದ ವರ್ಷ ಬಾದಾಮಿಯ ಮೈದಾನದಲ್ಲಿ ಯಾರೋ ಪುಕ್ಕಟೆ ಕೊಟ್ಟ ಬಿಳಿ ಅಂಗಿಗಳನ್ನು ತೊಟ್ಟು ಹಗ್ಗ ಜಗ್ಗಿದೆವು. ಬೆವರಿಗೆ ಅರಿವೆ ಮೈಗಂಟಿತು. ಗೋಡೆಯ ಮೇಲೆ ಕೂತ ಪಡ್ಡೆ ಹುಡುಗರು ಶಾಂತವ್ವನನ್ನೇ ಮೊಬೈಲಿನಲ್ಲಿ ಹಿಡಿದರು. ಸಂಜೆಯ ಹೊತ್ತಿಗೆ ಅದು ಊರೆಲ್ಲ ಹರಿದಾಡಿತು. ಅವಳ ಗಂಡ ಬಸಪ್ಪ ಅವಳನ್ನು ಸಂಘಕ್ಕೂ ಬಿಡಲಿಲ್ಲ. ಉಳಿದ ಮನೆಗಳಲ್ಲೂ ಗುಸುಗುಸು ಶುರುವಾಯಿತು.

ನೀಲವ್ವ ನೇರ ಬಸಪ್ಪನ ಮನೆಗೆ ಹೋದಳು. ನಾನೂ ಇದ್ದೆ.

“ಮಾನಾ ಕಳಕೊಂಡು ಹಗ್ಗಾ ಜಗ್ಗಬೇಕೇನ್ರಿ ಅಕ್ಕಾರ?” ಎಂದ ಬಸಪ್ಪ.

“ಮಾನ ಆಕೀದು ಹೋಗಿಲ್ಲಪಾ, ಅರಿವೀದು ಹೋಗೇತಿ. ಅರಿವಿ ಬದಲ ಮಾಡ್ತೇವಿ.”

“ಹಂಗಾರ ಮೈ ಕಾಣದಂಥಾ ಅಂಗಿ ತಂದು ತೋರಸ್ರಿ. ಆಮ್ಯಾಲ ಮಾತಾಡೂಣು.”

ಬಾಗಿಲ ಮರೆಯಲ್ಲಿ ಶಾಂತವ್ವ ನಿಂತಿದ್ದಳು. ಅವಳು ತಲೆ ಎತ್ತಲಿಲ್ಲ.

ಅಳತೆ ಹಿಡಿದು ಹೊಲಿದು, ಬೆನ್ನ ಮೇಲೆ ಸಂಘದ ಹೆಸರು ಹಾಕಿಕೊಡುವವರು ಬೇಕಿತ್ತು. ಮೂರು ಊರಲ್ಲಿ ಕೊಟೇಶನ್ ಕೇಳಿದೆವು. ಅಷ್ಟರಲ್ಲಿ ಬೇನೆ ತಿರುಗಿ ಬಂದು ನೀಲವ್ವನ ಪುಪ್ಪುಸ ಹಿಡಿದಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಕಂಡಕ್ಟರ್ ಗದರಿದರೆ, “ಗಾಡಿ ನಿಂದು, ಉಸರು ನಂದು. ತಡಿ” ಎನ್ನುತ್ತಿದ್ದಳು.

ಬಾಗಲಕೋಟೆಯ ಅಂಗಡಿಯವನು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಅಂಗಿಗಳನ್ನು ತೋರಿಸಿದ. ನೀಲವ್ವ ಬಾಟಲಿ ತೆಗೆದ ಕೂಡಲೇ ಅವನ ಮುಖ ಸಣ್ಣದಾಯಿತು.

“ನೀರ ಹಾಕಬ್ಯಾಡ್ರಿ ಅವ್ವಾರ, ಮಾರೂ ಮಾಲದು.”

“ಬೆವರು ನಿನ್ನ ಕೇಳಿ ಬರತೈತೇನೋ ತಮ್ಮಾ?”

ಆ ಅಂಗಿಯಲ್ಲಿ ಎಲ್ಲವೂ ಕಂಡಿತು. ಕಂಡಿತೆಂದೇ ಹೇಳಿದೆ. ಕುಬಸದ ಎಡಗಡೆ ತಗ್ಗಾದ ಜಾಗ ಕೂಡ ಕಂಡಿತು.

ಇಳಕಲ್ಲಿನವನು ಅರಿವೆಗೆ ಒಂದು ರೇಟು, ಬೆನ್ನ ಮೇಲಿನ ಹೆಸರಿಗೆ ಅಕ್ಷರದ ಲೆಕ್ಕದಲ್ಲಿ ಬೇರೆ ರೇಟು ಎಂದ. “ಹಂಗಾರ ಸಂಘದ ಹೆಸರ ಕಿತ್ತೊಗದು ‘ಅವ್ವ’ ಅಂತ ಇಡ್ತೇವಿ. ಈಗೆಷ್ಟು?” ಎಂದಳು. ಅವನು ನಕ್ಕು ಚಹಾ ತರಿಸಿದ, ರೇಟು ಮಾತ್ರ ಇಳಿಸಲಿಲ್ಲ.

ಕೆರೂರಿನವನು ವಯಸ್ಸಾದ ದರ್ಜಿ, ಮಾತು ಕಡಿಮೆ. ಅವನ ಅಂಗಿ ದಪ್ಪಗಿತ್ತು, ಎದೆಯ ಭಾಗಕ್ಕೆ ಒಳಗಿನಿಂದ ಇನ್ನೊಂದು ಪದರ ಅರಿವೆಯ ಅಸ್ತರ ಕೊಟ್ಟಿದ್ದ. ನೀಲವ್ವ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿದಳು. ನಾನು ಹತ್ತಿರ ಹೋಗಿ ನೋಡಿದೆ. ಏನೂ ಕಾಣಲಿಲ್ಲ. ಆದರೆ ಮದುವೆ ಸೀಜನ್ನು, ಕೈತುಂಬ ಕೆಲಸ, ತಿಂಗಳ ಮೇಲಾಗುತ್ತದೆ ಎಂದ.

ನೀಲವ್ವನ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂಡಿದೆವು, ಶಾಂತವ್ವ ಒಬ್ಬಳನ್ನು ಬಿಟ್ಟು. ಇಳಕಲ್ಲಿನದು ತುಟ್ಟಿಯೆಂದು ಮೊದಲೇ ಬಿತ್ತು. ಬಾಗಲಕೋಟೆಯದು ಅಗ್ಗ, ವಾರದೊಳಗೆ ಕೈಗೆ ಬರುತ್ತದೆ, ಆದರೆ ಸೊಳ್ಳೆಪರದೆ. ಕೆರೂರಿನದು ಗಟ್ಟಿ, ಆದರೆ ತಡ. ಡಾಕ್ಟರು ಹೇಳಿದ ಮಾತು ಎಲ್ಲರಿಗೂ ಗೊತ್ತಿತ್ತು.

ನಾನೇ ಆಡಿದೆ. “ತಿಂಗಳಂದ್ರ ನೀ ಅಲ್ಲೀತನಕಾ ಇರ್ತೀಯೇನು? ಬಾಗಲಕೋಟಿದು ತಗೊ. ಒಂದು ಸಲನರ ಹಾಕ್ಕೊಂಡು ನಮ್ಮ ಹಿಂದ ನಿಲ್ಲು.”

ಒಬ್ಬಳು ನನ್ನ ತೊಡೆ ಚಿವುಟಿದಳು. ನೀಲವ್ವ ಬೇಸರ ಮಾಡಿಕೊಳ್ಳಲಿಲ್ಲ.

“ಅದನ್ನ ನಾ ಹಾಕ್ಕೊಂಡ್ರ ಶಾಂತವ್ವ ಮನ್ಯಾಗ ಕುಂದ್ರತಾಳ. ಇದಕ್ಕ ತಡದ್ರ ನಾ ಇರೂದಿಲ್ಲ, ಆಕಿ ಮೈದಾನದಾಗ ಇರ್ತಾಳ. ಯಾವದು ಅಗ್ಗ, ನೀನ ಲೆಕ್ಕಾ ಹಾಕು.”

“ನನಗ ಲೆಕ್ಕಾ ಬರೂದಿಲ್ಲ. ನಾ ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟಾಕಿ.”

“ಹಂಗಾರ ಬಾಯಿ ಮುಚ್ಚಿಕೊಂಡು ಕುಂದ್ರು. ಕೆರೂರಾಂವಗ ಹೇಳ್ರಿ.”

ಅದಾದ ಮೇಲೆ ಅವಳು ಬೇಗ ಬೇಗ ಕರಗಿದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಸಿಗೆಯ ಸುರುಳಿಗೆ ಆನಿಕೊಂಡು ಕೂತೇ ಇರುತ್ತಿದ್ದಳು. ಕಡೆಯ ಸಲ ಹೋದಾಗ ನುಚ್ಚು ಕಲಸಿ ಒಯ್ದಿದ್ದೆ. ಒಂದು ತುತ್ತು ನುಂಗಲು ಬಹಳ ಹೊತ್ತು ಹಿಡಿಯಿತು.

“ಕೆರೂರಾಂವ ಫೋನ್ ಮಾಡಿದ್ನೇನು?”

“ಇನ್ನಾ ಇಲ್ಲ. ಇವತ್ತ ನಾನ ಹೋಗಿ ಕುತಗಿ ಹಿಡಿತೇನಿ ಆಂವಂದು.”

ಅವಳು ನನ್ನ ಮುಂಗೈ ಹಿಡಿದಳು. ಹಗ್ಗ ಹಿಡಿಯುತ್ತಿದ್ದ ಆ ಕೈಯಲ್ಲಿ ಬಳೆ ಮೊಣಕೈವರೆಗೆ ಜಾರಿತ್ತು.

“ಅವಸರ ಮಾಡಬ್ಯಾಡ,” ಎಂದಳು. ಉಸಿರು ಬಂದ ಮೇಲೆ ಉಳಿದದ್ದನ್ನು ಹೇಳಿದಳು. “ಅವಸರ ಮಾಡಿದ್ರ ಅಸ್ತರ ಬಿಟ್ಟಾನು.”

ಮರುದಿನ ಅವಳಿರಲಿಲ್ಲ. ನಮ್ಮಲ್ಲಿ ಮಣ್ಣಿಗೆ ಕೂರಿಸಿಯೇ ಕೊಡುತ್ತಾರೆ. ಕೂರಿಸಿದರು, ವಿಭೂತಿ ಹಚ್ಚಿದರು, ಮಣ್ಣು ಎಳೆದರು. ಅಳುವವರು ಅತ್ತರು, ನಾನು ಅಳಲಿಲ್ಲ. ಮನೆಗೆ ಬಂದು ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತೆ. ಐವತ್ತು ವರ್ಷ ಬಡಿದ ಕೈ. ಒಂದು ರೊಟ್ಟಿಯೂ ಹಂಚಿನವರೆಗೆ ಬರಲಿಲ್ಲ, ಎಲ್ಲವೂ ಹರಿದವು. ಹಿಟ್ಟನ್ನು ಎಮ್ಮೆಗೆ ಹಾಕಿದೆ.

ಅಂಗಿಗಳು ಅದರ ಮುಂದಿನ ವಾರ ಬಂದವು. ದರ್ಜಿ ಅಸ್ತರ ಬಿಟ್ಟಿರಲಿಲ್ಲ. ಒಂದನ್ನು ಬಸಪ್ಪನ ಮನೆಗೆ ಒಯ್ದು, ಅವನ ಮುಂದೆಯೇ ಒಂದು ಕೊಡ ನೀರು ಸುರಿದು ಎತ್ತಿ ಹಿಡಿದೆ. ಅವನು ಒಳಗೆ ಕೈ ಹಾಕಿ ಅಸ್ತರ ಮುಟ್ಟಿ ನೋಡಿದ.

“ಎಂಟು ಮಂದಿ ಬೇಕಲ್ಲರಿ. ನೀಲಕ್ಕನ ಜಾಗಾಕ್ಕ ಯಾರು?” ಎಂದ.

“ಯಾರೂ ಇಲ್ಲ.”

ಅವನು ಒಳಗೆ ಮುಖ ಮಾಡಿ, “ನಮ್ಮ ಸೊಸೀನೂ ಬರ್ತಾಳ, ಕರಕೊಂಡ ಹೋಗ್ರಿ” ಎಂದ.

ಈ ವರ್ಷವೂ ಪಂದ್ಯ ಬಾದಾಮಿಯಲ್ಲೇ ಇತ್ತು. ಬಿಸಿಲು ಕಾದಿತ್ತು. ಶಾಂತವ್ವ ಮುಂದೆ ನಿಂತಳು. ಗೋಡೆಯ ಮೇಲೆ ಹುಡುಗರು ಅದೇ ರೀತಿ ಮೊಬೈಲು ಹಿಡಿದು ಕೂತಿದ್ದರು. ನಾವು ಬೆವರಿನಲ್ಲಿ ತೊಯ್ದು ತೊಪ್ಪೆಯಾದೆವು. ಹಿಡಿಯಲು ಏನೂ ಸಿಗದೆ ಸ್ವಲ್ಪ ಹೊತ್ತಿಗೆ ಅವರು ಎದ್ದು ಹೋದರು. ಎದುರಿನವರ ಕಾಲು ಗೆರೆ ದಾಟಿದ್ದು ಕಂಡು ನಾನು ಹಗ್ಗ ಬಿಟ್ಟು ಹಿಂದೆ ತಿರುಗಿದೆ. “ನೋಡ, ಏನೂ ಕಾಣವಲ್ಲದು” ಎಂದೆ.

ಹಿಂದೆ ಶಾಂತವ್ವನ ಸೊಸೆ ನಿಂತಿದ್ದಳು. ಹುಡುಗಿ ಏದುಸಿರು ಬಿಡುತ್ತ, “ಯಾರಿಗೆ ಅಂದ್ರಿ ಆಯಿ?” ಎಂದಳು.

“ಯಾರಿಗೂ ಇಲ್ಲ,” ಎಂದೆ. “ಹಗ್ಗ ಸುತ್ತು.”