ಬಾಣಲಿ ಇಡದ ಮನೆಗೆ ಶೇಂಗಾ ಉಂಡೆ

ಬಂಗಾರಪೇಟೆಯಲ್ಲಿ ಪಾನಿಪೂರಿಯ ಪಾನಿಗೆ ಬಣ್ಣವೇ ಇಲ್ಲ. ಕುಡಿಯುವ ನೀರೆಂದುಕೊಂಡು ಮೊದಲ ಸಲ ಅರ್ಧ ಲೋಟ ಗಟಗಟ ಕುಡಿದೆ. ಕಣ್ಣು, ಮೂಗು, ಕಿವಿಯಲ್ಲೆಲ್ಲ ಬೆಂಕಿ.

"ಅಷ್ಟೂ ಕುಡ್ದ್‌ಬಿಟ್ಯಾ? ಪೂರಿ ಯಾರಿಗಮ್ಮಾ ಹಂಗಾದ್ರೆ?" ಎಂದು ಪಕ್ಕದ ಮನೆಯ ಸ್ಟೆಲ್ಲಕ್ಕ ಬಿದ್ದು ಬಿದ್ದು ನಕ್ಕರು.

ಯಜಮಾನರಿಗೆ ವರ್ಗವಾಗಿ ಧಾರವಾಡದಿಂದ ನಾವು ಕೆಜಿಎಫ್‌ನ ಊರಿಗಾಂ ಬಡಾವಣೆಗೆ ಬಂದ ತಿಂಗಳದು. ಗಣಿ ಕಂಪನಿಯ ಕಾಲದ ಈ ಸಾಲುಮನೆಗಳಿಗೆ ಇಲ್ಲಿ ಲೈನ್ ಅನ್ನುತ್ತಾರೆ; ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಸ್ಟೆಲ್ಲಕ್ಕ ಒಗ್ಗರಣೆ ಹಾಕಿದರೆ ಈಚೆ ನಾನು ಸೀನುತ್ತೇನೆ. ನಮ್ಮ ಓಣಿಯಲ್ಲಾದರೆ ಅಂಗಳಕ್ಕೆ ಬಂದು ಕೂಗಬೇಕಿತ್ತು. ಇಲ್ಲಿ ಗೋಡೆಗೆ ಎರಡು ಸಲ ತಟ್ಟಿದರೆ ಚಹಾಕ್ಕೆ ಕರೆದಂತೆ. ಸಂತೆಗೆ ಬೇಕಾಗುವಷ್ಟು ತಮಿಳು, ತೆಲುಗು ಕಲಿಸಿದವರೂ ಅವರೇ.

ಈ ಕ್ರಿಸ್‌ಮಸ್‌ಗೆ ಗೆಳತಿಯರಿಗೆಲ್ಲ ಕೈಯಾರೆ ಏನಾದರೂ ಮಾಡಿಕೊಡೋಣವೆನ್ನಿಸಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಹಚ್ಚಿದ ಚಟ ಅದು. ಬಂಗಾರಪೇಟೆಗೆ ಹೋಗಿ ಬೆಲ್ಲ, ಬಿಳಿ ಬಟ್ಟೆ, ಕೆಂಪು ದಾರ ತಂದೆ. ಶೇಂಗಾ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. ಇಲ್ಲಿ ಅದು ಕಡ್ಲೆಕಾಯಿ ಬೀಜ. ನಾಲ್ಕು ದಿನ ಕೂತು ಕರವಸ್ತ್ರಗಳ ಮೂಲೆಗೆ ಕಸೂತಿಯ ಗೋಪುರ ಹಾಕಿದೆ, ಉಂಡೆ ಕಟ್ಟಿದೆ. ಐದು ಮನೆಗೆ ಐದು ಪೊಟ್ಟಣ. ಸ್ಟೆಲ್ಲಕ್ಕನ ಮನೆಯನ್ನು ಮಾತ್ರ ಬೇಕೆಂದೇ ಬಿಟ್ಟೆ. ಅವರ ಅತ್ತೆ ತೀರಿಕೊಂಡು ಎರಡು ತಿಂಗಳಾಗಿತ್ತು. ನಮ್ಮ ಕಡೆ ಸಾವಾದ ಮನೆಗೆ ಆ ವರ್ಷ ಹಬ್ಬದ ಸಿಹಿ ಒಯ್ಯುವುದಿಲ್ಲ. ಅದು ಮರ್ಯಾದೆ.

ಪೊಟ್ಟಣ ಹಂಚಿದ ಸಂಜೆಯಿಂದ ಗೋಡೆ ಸುಮ್ಮನಾಯಿತು. ಮರುದಿನ ನಾನೇ ತಟ್ಟಿದೆ. ಉತ್ತರವಿಲ್ಲ. ಈ ಊರಿನಲ್ಲಿ ನನಗೆಂದು ಇದ್ದ ಒಬ್ಬ ಅಕ್ಕನನ್ನು ಕಳೆದುಕೊಂಡೆನೇನೋ ಅನ್ನಿಸಿತು. ಮಾಡಿದ ತಪ್ಪೇನೆಂದೇ ತಿಳಿಯದು.

ತಿಳಿಸಿದವರು ಬೇತಮಂಗಲದ ಕಡೆಯಿಂದ ಹಾಲು ತರುವ ಲಕ್ಷ್ಮಮ್ಮ.

"ಸ್ಟೆಲ್ಲಮ್ಮಂಗ್ಯಾಕೆ ಕೊಡ್ಲಿಲ್ಲ ನೀನು?"

"ಸಾವಾದ ಮನೆಯಲ್ವಾ? ಸಿಹಿ ಹೇಗೆ ಒಯ್ಯಲಿ?"

"ಏನಮ್ಮಾ ನೀನು, ಓದಿರೋಳು! ಅವ್ರು ಈ ವರ್ಸ ಬಾಣ್ಲಿ ಇಕ್ಕಂಗಿಲ್ಲ, ಸಿಹಿ ಮಾಡಂಗಿಲ್ಲ. ಅದ್ಕೇ ಸುತ್ತಲ ಮನೆಯೋರು ಕೊಡ್ಬೇಕು. ಎಲ್ರೂ ಕೊಟ್ಟವ್ರೆ, ಗೋಡೆ ಪಕ್ಕದೋಳೇ ಕೊಟ್ಟಿಲ್ಲ. ಓಗು, ಮೊದ್ಲು ಓಗು. ಆಲು ನಾನು ಕಾಸಿಕ್ತೀನಿ."

ಉಳಿದಿದ್ದವು ಅಂಚು ಒಡೆದ ಉಂಡೆಗಳು. ತಟ್ಟೆಗೆ ಹಾಕಿ, ನನಗೆಂದು ಇಟ್ಟುಕೊಂಡಿದ್ದ ಕರವಸ್ತ್ರ ಮುಚ್ಚಿ ಹೋದೆ. ಸ್ಟೆಲ್ಲಕ್ಕ ಬಾಗಿಲಿಗೆ ಅಡ್ಡ ನಿಂತರು.

"ಯಾರಮ್ಮಾ ನೀವು? ಗುರ್ತು ಸಿಗ್ಲಿಲ್ಲ."

ತಡವರಿಸುತ್ತ ನಮ್ಮ ಪದ್ಧತಿ ಹೇಳಿದೆ. ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮೂರಲ್ಲಿ ಆ ಮನೆ ಮಕ್ಕಳು ಹಬ್ಬದ ದಿನ ಏನ್ ತಿಂತಾರೆ?" ಎಂದರು.

ಅಪ್ಪ ತೀರಿಕೊಂಡ ವರ್ಷದ ದೀಪಾವಳಿಯಲ್ಲಿ ನನಗೆ ಎಂಟು ವರ್ಷ. ಓಣಿಯ ತುಂಬ ಕರಿದ ವಾಸನೆ. ನಾನು, ತಮ್ಮ ಕಿಟಕಿಯಲ್ಲಿ. ನಮ್ಮ ಮೇಲಿನ ಗೌರವಕ್ಕೇ ಯಾರೂ ಬರಲಿಲ್ಲ.

"ಏನೂ ಇಲ್ಲಕ್ಕಾ," ಎಂದೆ.

"ಉಳ್ಳೆ ವಾ," ಎಂದರು ಸ್ಟೆಲ್ಲಕ್ಕ. ಒಳಗೆ ಬಾ ಎಂದು. ಸಕ್ಕರೆ ಪಾಕದಲ್ಲದ್ದಿದ ಪುಟ್ಟ ಸುರುಳಿಗಳ ತಟ್ಟೆಯೊಂದನ್ನು, ಕಲ್‌ಕಲ್ ಅನ್ನುತ್ತಾರೆ, ಮುಂದಿಟ್ಟು, "ತಿನ್ನು. ಈ ವರ್ಷ ಇಡೀ ಲೈನೇ ನನಗೆ ಅಡುಗೆ ಮಾಡ್ತೈತೆ," ಎಂದರು.

ಜನವರಿಯಲ್ಲಿ ಮತ್ತೆ ಉಂಡೆ ಕಟ್ಟಿ ಧಾರವಾಡಕ್ಕೆ, ನನ್ನ ಸೋದರತ್ತೆಗೆ ಕಳಿಸಿದೆ. ಮಾವ ತೀರಿಕೊಂಡ ಮೇಲೆ ಅವರಿಗಿದು ಮೊದಲ ಸಂಕ್ರಾಂತಿ. ಪಾರ್ಸಲ್ ತಲುಪಿದ ದಿನ ಫೋನು ಬಂತು.

"ಏನವಾ ವಿದ್ಯಾ, ಸಾವಾದ ಮನಿಗೆ ಉಂಡಿ ಕಳಿಸೀಯಲ್ಲ, ಇದ್ಯಾವ ಊರ ಪದ್ಧತಿ?"

"ನಮ್ಮೂರಿಂದು, ಅತ್ತಿ," ಅಂದುಬಿಟ್ಟೆ.

ಯಾವ ಊರೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಫೋನಿನಲ್ಲಿ ಕಟುಂ ಎಂದು ಉಂಡೆ ಕಡಿದ ಸದ್ದು ಕೇಳಿಸಿತು.