ಕಾರಿನ ಸಂದಿಗೆ ಯಾವ ಅಂಟು?

ತೂತು ಕಂಡರೆ ನನಗೆ ಆಗುವುದಿಲ್ಲ. ಕಂಡ ಕೂಡಲೇ ಏನಾದರೂ ತುರುಕಿ ಮುಚ್ಚಬೇಕು. ಇದು ನನ್ನೊಬ್ಬನ ಚಟವೆಂದು ನಗಬೇಡಿ, ಚಿನ್ನದ ಗಣಿಯ ಊರಾದ ಉರಿಗಾಮಿನಲ್ಲಿ ನಾವೆಲ್ಲ ಹೀಗೇ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅದರ ಮಣ್ಣಿನ ದಿಬ್ಬಗಳು ಹಾಗೇ ಕೂತಿವೆ. ಆಷಾಢದ ಗಾಳಿ ಎದ್ದರೆ ಆ ಧೂಳು ಅನ್ನದ ತಟ್ಟೆಗೂ ಬರುತ್ತದೆ. ಅದಕ್ಕೇ ಕಿಟಕಿಯ ಸಂದಿಗೆ ಹಳೆಯ ಪಂಚೆ, ಬಾಗಿಲ ಕೆಳಗೆ ಗೋಣಿತಾಟು, ಬೀಗದ ಕಿಂಡಿಗೆ ಹತ್ತಿ.

ಇಷ್ಟು ಜಾಗ್ರತೆಯ ಮನುಷ್ಯನ ಕಾರಿನೊಳಗೇ ಧೂಳು ಬರಬೇಕೆ? ಗಾಜು ಏರಿಸಿ ಬ್ಲೋವರ್ ಹಾಕಿದರೆ ಸಾಕು, ನನ್ನ ಹೆಂಡತಿ ರತ್ನಳಿಗೆ ಮೊದಲು ಸೀನು, ಆಮೇಲೆ ದಮ್ಮು. ನಮ್ಮಿಬ್ಬರಿಗೂ ಬಂಗಾರಪೇಟೆಯಲ್ಲಿ ಕೆಲಸ. ಮನೆಯಲ್ಲಿ ಒಲೆ, ಟೀವಿ, ನೆಂಟರ ಗಲಾಟೆ, ನಾವು ನೆಮ್ಮದಿಯಾಗಿ ಮಾತಾಡುವುದು ಆ ಅರ್ಧ ಗಂಟೆಯ ದಾರಿಯಲ್ಲಿ ಮಾತ್ರ. ಒಂದು ದಿನ ಎದೆ ಹಿಡಿದುಕೊಂಡು ಇಳಿದವಳು ಕಡ್ಡಿ ಮುರಿದ ಹಾಗೆ ಹೇಳಿದಳು: "ಇನ್ನೊಂದ್ ವಾರ ನೋಡ್ತೀನಿ. ಆಮೇಲೆ ರೈಲಾಗೆ ಓಗ್ತೀನಿ. ನಿಮ್ ಕಾರು ನಿಮ್ಗೇ ಇರ್ಲಿ." ಬೂದಿಕೋಟೆ ಕಡೆಯವಳು, ಹೇಳಿದರೆ ಮಾಡುತ್ತಾಳೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ಮೆಕ್ಯಾನಿಕ್‌ನನ್ನು ಕೇಳಿದರೆ ಕಾರನ್ನೇ ಬದಲಾಯಿಸಿ ಎಂದ. ನಾನೇ ಸರಿಮಾಡುತ್ತೇನೆಂದು ಪಟ್ಟು ಹಿಡಿದು, ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಮಲಗಿ ಬ್ಲೋವರಿನ ಡಬ್ಬ ಬಿಚ್ಚಿದೆ. ಡಬ್ಬಕ್ಕೂ ಕಾರಿನ ತಗಡಿಗೂ ನಡುವೆ ಇದ್ದ ಸ್ಪಂಜು ಮುಟ್ಟಿದರೆ ಹುಡಿಯಾಗುತ್ತಿತ್ತು. ಧೂಳಿನ ಹೆದ್ದಾರಿ ಸಿಕ್ಕಿತು.

ಇನ್ನು ಅಂಟು. ಬಂಗಾರಪೇಟೆಯ ಅಂಗಡಿಯವನು ಮೂರು ಥರ ತೋರಿಸಿದ. ಕಲಸಿ ಮೆತ್ತಿದರೆ ಕಲ್ಲಾಗುವ ಉಂಡೆ, ಕೊಳವೆಯಿಂದ ಹಿಂಡುವ ಸಿಲಿಕೋನ್, ಎಷ್ಟು ಕಾಲವಾದರೂ ಮೆತ್ತಗೇ ಇರುವ ಕಪ್ಪು ಅಂಟುಪಟ್ಟಿ. ಒಣಗದ ಅಂಟೂ ಒಂದು ಅಂಟೇನು ಎಂದು ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಸಿಲಿಕೋನ್ ತಂದೆ. ನಮ್ಮ ಅಜ್ಜಂದಿರು ನೆಲದೊಳಗೆ ರಾಗಿ ತುಂಬಿಡುವ ಹಗೇವಿನ ಬಾಯಿಗೆ ಹುಲ್ಲು ಹಾಸಿ ಮಣ್ಣು ಮೆತ್ತುತ್ತಿದ್ದರು. ನೀರೂ ಹೋಗಬಾರದು, ಬೇಕಾದಾಗ ತೆಗೆಯಲೂ ಬರಬೇಕು. ಅಂಥ ವಂಶದಲ್ಲಿ ಹುಟ್ಟಿದ ನಾನು ಒಂದು ಕೊಳವೆ ಪೂರ್ತಿ ಹಿಂಡಿ ಡಬ್ಬವನ್ನು ಕಾರಿಗೆ ಶಾಶ್ವತವಾಗಿ ಅಂಟಿಸಿದೆ. ವೈಪರಿನ ಜಾಲರಿಯ ಕೆಳಗೆ, ಮೂಲೆಯಲ್ಲಿ ಬೆರಳು ಗಾತ್ರದ ಇನ್ನೊಂದು ತೂತು ಕಂಡಿತು. ಬಿಡುತ್ತೇನೆಯೇ? ಅದಕ್ಕೂ ಹಿಂಡಿದೆ.

ಎರಡು ದಿನ ಕಾರೆಲ್ಲ ಸಿಲಿಕೋನಿನ ಹುಳಿ ವಾಸನೆ. ಮೂರನೆಯ ದಿನ ಬೆಳಿಗ್ಗೆ ಮುಂದಿನ ಗಾಜಿನ ಧೂಳು ತೊಳೆಯಲು ನಾಲ್ಕು ಬಕೆಟ್ ನೀರು ಸುರಿದು, ರತ್ನಳನ್ನು ಕೂರಿಸಿ, ಗತ್ತಿನಿಂದ ಬ್ಲೋವರ್ ಹಾಕಿದೆ. ಧೂಳು ಬರಲಿಲ್ಲ. ನೀರು ಬಂತು. ಅವಳ ಇಸ್ತ್ರಿ ಸೀರೆ ಮೊಣಕಾಲಿನಿಂದ ಕೆಳಗೆ ನೆನೆಯಿತು. ಇಳಿದವಳೇ ಸ್ಟೇಷನ್ನಿನ ಕಡೆ ನಡೆದಳು.

ಗಣಿಯೊಳಗೆ ಗಾಳಿ ಹಾಯಿಸುವ ವಿಭಾಗದಲ್ಲಿ ದುಡಿದಿದ್ದ ಪಕ್ಕದ ಮನೆಯ ಸೆಲ್ವಂ ಮಾಮ ಬಂದು ಬಗ್ಗಿ ನೋಡಿದರು. "ಅಯ್ಯೋ ತಂಬಿ, ಮಳೆ ನೀರು ಓಗೋ ತೂತನ್ನೂ ಮುಚ್ಬಿಟ್ಯಾ? ಗಣಿಯಾಗೆ ಒಂದ್ ದಾರಿ ಮುಚ್ಚೋಕೆ ಮುಂಚೆ ಗಾಳಿ ಎಲ್ಲಿಂದ ಬತ್ತದೆ, ನೀರು ಎಲ್ಲಿಗೋತದೆ ಅಂತ ನೋಡ್ತಿದ್ವಿ. ನಾಳೆ ಬಿಚ್ಚೋ ಅಂಗೂ ಇರ್ಬೇಕು. ನೀನು ಸಮಾಧಿ ಕಟ್ಟಿದೀಯ!"

ಸಮಾಧಿಯನ್ನು ಅಗೆಯಲು ಉಳಿದ ವಾರವೇ ಹೋಯಿತು. ರತ್ನ ದಿನಾ ರೈಲಿಗೆ ಹೋದಳು. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಬಂಗಾರಪೇಟೆ ಮುಟ್ಟುವುದು ಎಂಥ ಬೇಸರವೆಂದು ಆಗ ತಿಳಿಯಿತು. ಸಂಜೆ ಬಂದವನೇ ಬ್ಲೇಡು ಹಿಡಿದು ಕೆರೆಯುತ್ತಿದ್ದೆ. ಬಣ್ಣ ಹೋದ ತಗಡಿಗೆ ಆ ಹುಳಿ ತಾಗಿ ತುಕ್ಕು ಬೇರೆ ಶುರುವಾಗಿತ್ತು. ಉಜ್ಜಿ, ಬಣ್ಣ ಹಚ್ಚಿ, ಕೊನೆಗೆ ತಲೆ ತಗ್ಗಿಸಿ ಅದೇ ಅಂಗಡಿಗೆ ಹೋಗಿ ಕಪ್ಪು ಪಟ್ಟಿ ತಂದೆ. ಡಬ್ಬದ ಅಂಚಿಗೆ ಸುತ್ತ ಒತ್ತಿ ಕೂರಿಸಿ, ಮೂಲೆಯ ತೂತನ್ನು ತೆರೆದೇ ಬಿಟ್ಟೆ. ತೂತೊಂದನ್ನು ನೋಡಿ ಸುಮ್ಮನಿದ್ದದ್ದು ಜೀವನದಲ್ಲಿ ಅದೇ ಮೊದಲು.

ಸೋಮವಾರ "ಇದೊಂದ್ ಸಲ" ಎಂದು ರತ್ನ ಹತ್ತಿದಳು. ದಿಬ್ಬದ ಪಕ್ಕ ಗಾಳಿ ಹುಯ್ಯೆಂದು ಬೀಸಿತು, ಹೊರಗೆ ರಸ್ತೆಯೇ ಕಾಣದಷ್ಟು ಧೂಳು. ಒಳಗೆ ಒಂದು ಸೀನೂ ಇಲ್ಲ. ನಾನು ಮೆಚ್ಚುಗೆಗೆ ಕಾದೆ. ದಿಬ್ಬ ದಾಟಿ ರಾಗಿ ಹೊಲಗಳು ಬಂದದ್ದೇ ತಡ, ಅವಳು "ಏನ್ರೀ ಇಷ್ಟ್ ಬಿಗಿ, ಉಸ್ರು ಕಟ್ತದೆ" ಎಂದು ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಇಳಿಸಿಬಿಟ್ಟಳು. ಒಂದು ವಾರದ ಬೆವರು! ನಾನು ಬ್ಲೋವರ್ ಆರಿಸಿದೆ. ಗಾಜು ಇಳಿಸುವ ಅಧಿಕಾರ ಇರುವುದು ಕಾರಿನೊಳಗೆ ಕೂತವರಿಗೆ. ಅವಳು ಕೂತಿದ್ದಳು.