ತಂಗಿಯ ಕಿವಿ

ನನಗೂ ತಂಗಿಗೂ ಹುಟ್ಟಿನಿಂದಲೇ ಕಿವಿ ಸರಿ ಇಲ್ಲ. ನನಗೆ ಅಷ್ಟಿಷ್ಟು ಕೇಳುತ್ತಿತ್ತು, ಅವಳಿಗೆ ಏನೂ ಇಲ್ಲ. ನನ್ನ ಪಾಲಿಗೆ ಬಂದದ್ದು ಭಾಲ್ಕಿಯ ಶಿಬಿರದಲ್ಲಿ ಪುಕ್ಕಟೆ ಹಂಚಿದ, ಕಿವಿ ಕೇಳಿಸುವ ಡಬ್ಬಿ. ಅಂಗಿಯ ಕಿಸೆಯಲ್ಲಿ ಅದು, ಅದರಿಂದ ಕಿವಿಗೆ ಒಂದು ವೈರು. ಮಾತಿಗಿಂತ ಬಟ್ಟೆಯ ಸರಪರ ಸದ್ದೇ ಅದರಲ್ಲಿ ಹೆಚ್ಚು. ತಂಗಿ ಹುಟ್ಟುವ ಹೊತ್ತಿಗೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಹೊಸ ಯಂತ್ರ ಸೇರಿತ್ತು. ಅವಳಿಗೆ ಆಪರೇಷನ್ ಮಾಡಿ ತಲೆಯೊಳಗೆ ಒಂದು ತುಣುಕು ಕೂಡಿಸಿ, ಕಿವಿಯ ಹಿಂದೆ ಇನ್ನೊಂದು ಸಿಕ್ಕಿಸಿದರು. ಪೂರಾ ಖರ್ಚು ಸರ್ಕಾರದ್ದು, ಆದರೆ ಸಣ್ಣ ಮಕ್ಕಳಿಗೆ ಮಾತ್ರ. ನಾನು ಆ ವಯಸ್ಸು ದಾಟಿದ್ದೆ. ಮೊದಲು ಹುಟ್ಟಿದ್ದೇ ನನ್ನ ತಪ್ಪು!

ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ತಿರುಗಿ ನೋಡದೆಯೇ ಕುರಿಮರಿಯ ದನಿ ಗುರುತು ಹಿಡಿದರೆ ಮನೆಮಂದಿಯೆಲ್ಲ ಚಪ್ಪಾಳೆ. ಮಾಸ್ತರರ ತುಟಿ ನೋಡಿ ನೋಡಿ ನಾನು ಹತ್ತನೇ ಇಯತ್ತೆಯವರೆಗೆ ಬಂದದ್ದಕ್ಕೆ ಒಬ್ಬರೂ ತಟ್ಟಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ಅಪ್ಪ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋದ, ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ. ಠಾಣಾ ಕುಶನೂರಿನ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಅಪ್ಪನ ತಾಯಿ, ನಮ್ಮ ಆಯಿ. ಮಹಾನವಮಿಯ ಖಂಡೆ ಪೂಜೆಗೆ ಆಯಿ ದುಡಿಮೆಯ ಸಾಮಾನೆಲ್ಲ ತೊಳೆದು ಇಟ್ಟಳು: ಕುಡಗೋಲು, ಕೊಡಲಿ, ಉಣ್ಣೆ ಕತ್ತರಿಸುವ ಕತ್ತರಿ. ಆಮೇಲೆ ತಂಗಿಯ ಕಿವಿಯ ಹಿಂದಿನ ಯಂತ್ರ ಬಿಚ್ಚಿ ನಟ್ಟನಡುವೆ ಇಟ್ಟಳು.

“ನಮ್ಮ ಕೂಸಿನ ಬಾಯಿ ಬಿಡಿಸ್ಯಾದ. ಇದಕ್ಕ ಪೂಜಿ ಬ್ಯಾಡೇನು?”

“ನಂದೂ ಇಡು ಆಯಿ,” ಎಂದು ಡಬ್ಬಿ ಚಾಚಿದೆ.

“ಅದು ಹಳೀದು, ಇರಲಿ ತಗಿ.”

ಕೊಡಲಿಗೆ ಬಿದ್ದಷ್ಟೇ ನೀರು, ಅಷ್ಟೇ ಅರಿಷಿಣ ಯಂತ್ರಕ್ಕೂ ಬಿತ್ತು. ಸಂಜೆಗೆ ಅದು ಸತ್ತಿತ್ತು. ಪೂಜೆ ಕಾಣದ ನನ್ನ ಡಬ್ಬಿ ಮಾತ್ರ ಗಟ್ಟಿಮುಟ್ಟಾಗಿ ಸರಪರ ಅನ್ನುತ್ತಿತ್ತು. ನನಗೆ ಖುಷಿಯಾಯಿತು, ಬಹಳ ಖುಷಿ.

ತಂಗಿ ಮೊದಲು ಕೂಗಿ ಕೂಗಿ ಮಾತಾಡಿದಳು. ತನ್ನ ದನಿ ತನಗೇ ಕೇಳದೆ ಹೆದರಿ, ಆಮೇಲೆ ಬಾಯಿ ಮುಚ್ಚಿಬಿಟ್ಟಳು. ನನ್ನ ಓಢಣಿಯ ತುದಿ ಹಿಡಿದು ಬಚ್ಚಲಿನ ತನಕ ಹಿಂದೆ ಬರುತ್ತಿದ್ದಳು.

ಬೀದರಿನ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಕಿವಿ ಪರೀಕ್ಷೆ ಮಾಡುವ ಸರ್ ಯಂತ್ರದ ಸಂದಿನಿಂದ ಅರಿಷಿಣ ಕೆರೆದು, “ಇದೇನವ್ವಾ?” ಅಂದರು.

“ಖಂಡಿ ಪೂಜಿ ಮಾಡೀವ್ರಿ.”

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮುಖ ಗಂಭೀರವಾಯಿತು. “ಯೋಜನಾದಾಗ ಯಂತ್ರ ಒಮ್ಮೆ ಕೊಡ್ತಾರವ್ವಾ. ನೀರು ಹೋಗಿ ಕೆಟ್ಟರ ರಿಪೇರಿ ಬರಂಗಿಲ್ಲ.”

“ಸರ್, ಈಗೀಗ ಮಾತು ಕಲೀಲತ್ತಾಳ್ರಿ. ಇಲ್ಲಿಗೇ ನಿಂತರ ನನ್ನಂಗ ಆಗ್ತಾಳ್ರಿ.”

ನನ್ನ ಬಾಯಿಂದಲೇ ಈ ಮಾತು ಬಂತಲ್ಲ ಎಂದು ನನಗೆ ಎಂಥ ಸಿಟ್ಟು! ಅವರ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು. ಆಮೇಲೆ ಕಪಾಟಿನಿಂದ ಇನ್ಯಾವುದೋ ಮಗು ಬಿಟ್ಟುಕೊಟ್ಟಿದ್ದ ಅಂಥದೇ ಹಳೆಯ ಯಂತ್ರ ತೆಗೆದು, ಕಂಪ್ಯೂಟರಿಗೆ ಜೋಡಿಸಿ ತಂಗಿಗೆ ಹೊಂದಿಸಿ ಕೊಟ್ಟರು. ಅವಳು ಬೆಚ್ಚಿ ತಿರುಗಿ, “ಅಕ್ಕಾ” ಅಂದಳು. ನಾನು ಅತ್ತೆ.

“ಸರ್, ನನಗ?” ಎಂದು ಬಾಗಿಲಲ್ಲಿ ಕೇಳಿಯೇಬಿಟ್ಟೆ.

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

ಊರಿಗೆ ಮರಳುವಾಗ ಔರಾದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರ್ನು, ಕಂಡಕ್ಟರನ ಕೂಗು, ಹೆಂಗಸರ ಜಗಳ. ನನ್ನ ಡಬ್ಬಿಯಲ್ಲಿ ಎಲ್ಲ ಕಲಸಿ ಬರೀ ಗುರ್ ಅನ್ನುತ್ತಿತ್ತು. ತಂಗಿ ಮುಖ ಕಿವುಚಿದಳು. “ಅಕ್ಕಾ, ಭಾಳ ಗದ್ದಲ ಅದ,” ಎಂದು ಯಂತ್ರ ಕಳಚಿ ನನ್ನ ಕೈಗಿಟ್ಟು, ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಸಾಕು ಅನ್ನಿಸುವಷ್ಟು ಅವಳಿಗೆ ಕೇಳಿಸಿತ್ತು, ನನಗೆ ಎಂದೂ ಅಷ್ಟು ಕೇಳಿಸಿಲ್ಲ. ಔರಾದ ಬರುವ ತನಕ ಅವಳ ಕಿವಿಯನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದು ಕೂತಿದ್ದೆ. ಹೊಟ್ಟೆ ಉರಿಯುತ್ತಲೇ ಇತ್ತು.